ತಿರುಮಲ ಮೇಷ್ಟ್ರ ಕಾಲ್ನಡಿಗೆ ದಂಡಯಾತ್ರೆ

ಎಲ್ಲಕ್ಕೂ ಮೂಲ ಹಾಗಲಕಾಯಿ ರಸ. ಹೊಸಪೇಟೆಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ತಿರುಮಲ ಮೇಷ್ಟ್ರು ದಸರಾ ರಜೆ ಬಂತೆಂದರೆ ಬಳ್ಳಾರಿಗೆ, ಹೆಂಡತಿಯ ಅಣ್ಣ ಪ್ರಭಂಜನನ ಮನೆಗೆ ಹೋಗಲೇಬೇಕು. ಆ ಮಹಾಶಯನಿಗೆ ಪ್ರಕೃತಿ ಚಿಕಿತ್ಸೆಯ ಹುಚ್ಚು. ಬೆಳಗಿನ ಕಾಫಿ ಕಿತ್ತುಕೊಂಡು ರಸದ ಲೋಟ ಕೊಡುತ್ತಾನೆ, ಕುಡಿದು ಮುಗಿಸುವ ತನಕ ಎದುರಿಗೇ ಕೂತಿರುತ್ತಾನೆ.

ಈ ಸಲ ಮೇಷ್ಟ್ರು ತಪ್ಪಿಸಿಕೊಳ್ಳಲು ಉಪಾಯ ಹೂಡಿದರು. ಕಂಪ್ಲಿಯಿಂದ ಹಂಪಿ, ಹಂಪಿಯಿಂದ ಸಂಡೂರು, ಹಳೇ ಕಾಳಗಗಳು ನಡೆದ ನೆಲವನ್ನೆಲ್ಲ ನಡೆದೇ ನೋಡಿ ಬರುತ್ತೇನೆ ಎಂದರು. ಸಂತೆಗೂ ರಿಕ್ಷಾ ಹತ್ತುವ ಗಂಡನನ್ನು ಬಲ್ಲ ನೀರಜಾಗೆ ನಗು ತಡೆಯಲಿಲ್ಲ.

"ಸಂಡೂರು ತನಕ ನಡದ್ರ ಈ ಸಲ ಅಣ್ಣನ ಮನಿ ಬ್ಯಾಡ. ನಡುವ ಗಾಡಿ ಹತ್ತಿದ್ರ ರಜಾ ಪೂರ್ತಿ ಅಲ್ಲೇ" ಎಂದಳು.

ಕಂಪ್ಲಿಯಲ್ಲಿ ಬಸ್ಸಿಳಿದ ಮೇಷ್ಟ್ರು ಕೋಟೆಗೆ ಕೈಮುಗಿದು ಕಾಲುವೆಯ ದಂಡೆ ಹಿಡಿದರು. ಇಲ್ಲಿ ಕುದುರೆ ದಂಡು ನಿಂತಿರಬೇಕು, ಅಲ್ಲಿ ಸೇನಾಪತಿ ಬಿದ್ದಿರಬೇಕು ಎಂದು ಕಬ್ಬಿನ ಗದ್ದೆ ನೋಡಿ ತಮ್ಮಷ್ಟಕ್ಕೆ ಮಾತಾಡಿಕೊಂಡು ನಿಟ್ಟುಸಿರು ಬಿಟ್ಟರು. ಪಾಪ, ಕಾಲುವೆ ನೀರು ಬಂದು ಮನೆಗೊಂದು ಟ್ರ್ಯಾಕ್ಟರ್ ಆದಮೇಲೆ ಆ ಕಡೆ ಸುಮ್ಮನೆ ನಡೆಯುವವರೇ ಇಲ್ಲವೆಂದು ಅವರಿಗೇನು ಗೊತ್ತು!

ಎರಡು ಟ್ರ್ಯಾಕ್ಟರುಗಳು ನಿಂತು ಕರೆದವು, ಮೇಷ್ಟ್ರು ಒಲ್ಲೆ ಎಂದರು. ಮೂರನೆಯದು ಹುಲುಗಪ್ಪನದು. ಎಲ್ಲಿಗೆಂದು ಕೇಳಿದ. ಸಂಡೂರಿಗೆ. ಅಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಏನು ಕೆಲಸ? ಏನೂ ಇಲ್ಲ. ಮನೆಯಲ್ಲಿ ಹೇಳಿದ್ದೀರಾ ಎಂದರೆ, ಹೆಂಡತಿಯ ಜೊತೆ ಪಂಥ ಕಟ್ಟಿ ಬಂದಿದ್ದೇನೆ ಎಂದು ಬಾಯಿಬಿಟ್ಟರು.

ಹುಲುಗಪ್ಪನಿಗೆ ಅಷ್ಟು ಸಾಕಾಯಿತು. ಮೇಷ್ಟ್ರನ್ನು ಕೈಹಿಡಿದು ಪಕ್ಕದ ತನ್ನೂರಿಗೆ ನಡೆಸಿಕೊಂಡು ಹೋಗಿ ಮನೆಯ ಕಟ್ಟೆಯ ಮೇಲೆ ಕೂಡಿಸಿ, ಅವರ ವಿಳಾಸ ಕೇಳಿಕೊಂಡು, ಸುದ್ದಿ ಮುಟ್ಟಿಸಲು ತಮ್ಮನನ್ನು ಮೋಟಾರ್ ಸೈಕಲ್ಲಿನಲ್ಲಿ ಹೊಸಪೇಟೆಗೆ ಅಟ್ಟಿದ. ತಾಯಿ ಭರಮಮ್ಮ ಮಜ್ಜಿಗೆ ಕೊಟ್ಟು, ಗಂಡಸರು ಮುನಿಸಿಕೊಂಡು ಮನೆ ಬಿಡಬಾರದೆಂದು ಬುದ್ಧಿ ಹೇಳಿದಳು. ತಾವು ಯುದ್ಧಭೂಮಿ ನೋಡಲು ಬಂದವರೆಂದು ಮೇಷ್ಟ್ರು ಎಷ್ಟು ಬಿಡಿಸಿ ಹೇಳಿದರೂ ಸೇರಿದ ಜನ ಅಯ್ಯೋ ಪಾಪ ಎಂದರೇ ಹೊರತು ನಂಬಲಿಲ್ಲ.

"ಯುದ್ಧ ಎಲ್ಲಾರ ಮನ್ಯಾಗೂ ಇರ್ತತಿ ಮೇಷ್ಟ್ರ. ನಾನೂ ಒಂದ್ಸಲ ಮುನಿಸ್ಕೊಂಡು ಬಂಡ್ರಿ ತನಕ ಹೋಗಿ ಹೊಳ್ಳಿ ಬಂದೀನಿ" ಎಂದ ಹುಲುಗಪ್ಪ.

ಮುನಿದು ಹೋದ ಗಂಡನನ್ನು ಆ ಊರವರು ಬರಿಗೈಯಲ್ಲಿ ಕಳಿಸುವುದಿಲ್ಲ. ಒಂದು ಬಾಳೆಗೊನೆ, ರಾಜಿ ಮಾಡಿಸಲು ಇಬ್ಬರು ಹಿರಿಯರು, ನಡುವೆ ಮೇಷ್ಟ್ರು. ಇಳಿಸಿರಪ್ಪಾ ಎಂದು ಗೋಗರೆದರೂ ಕೇಳದೆ ಎತ್ತಿ ಟ್ರೇಲರಿಗೆ ಹಾಕಿದರು. ಪಂಥ ಹೋಯಿತು, ರಜೆಯೂ ಹೋಯಿತು ಎಂದು ಮೇಷ್ಟ್ರಿಗೆ ಅಳುವೇ ಬಂತು.

ಹೊಸಪೇಟೆಯ ಮನೆಯ ಬಾಗಿಲಲ್ಲಿ ನಿಂತ ನೀರಜಾಳ ಕಣ್ಣು ಕೆಂಪಾಗಿತ್ತು. "ಅಣ್ಣನ ಮನಿ ಅಂದ್ರ ನಿಮಗ ಇಷ್ಟು ಸಂಕಟ ಅಂತ ಗೊತ್ತಿರಲಿಲ್ರೀ. ಬಳ್ಳಾರಿಗೆ ಹೋಗೋದು ಬ್ಯಾಡ ಬಿಡ್ರಿ" ಎಂದಳು.

ನಿಜ ಹೇಳಲು ಬಾಯಿ ತೆರೆದ ಮೇಷ್ಟ್ರು ಥಟ್ಟನೆ ಮುಚ್ಚಿಕೊಂಡರು. ಮುಖ ಇನ್ನಷ್ಟು ಸಪ್ಪಗೆ ಮಾಡಿಕೊಂಡರು. ಒಳಗೊಳಗೇ ಕುಣಿಯುವಷ್ಟು ಖುಷಿ. ಹಿರಿಯರು ಹರಸಿ ಹೊರಗೆ ಹೋದರು.

ನೀರಜಾ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು: "ಸುದ್ದಿ ಬಂದ ಕೂಡ್ಲೇ ಅಣ್ಣಗ ಟ್ರಂಕ್ ಕಾಲ್ ಮಾಡ್ದೆ. ನಿಮ್ಮನ್ನ ಒಬ್ರನ್ನೇ ಬಿಡಬಾರದಂತ. ಇವತ್ತೇ ಹೊರಟಾನ, ನೀವು ಆರಾಮ ಆಗೋ ತನಕ ಇಲ್ಲೇ ಇರ್ತಾನ."

ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು. ಟ್ರ್ಯಾಕ್ಟರ್ ಇನ್ನೂ ಊರ ಕಡೆಗೆ ತಿರುಗುತ್ತಿತ್ತು. ಸಂಡೂರಿಗಾದರೂ ಸರಿ, ಎಲ್ಲಿಗಾದರೂ ಸರಿ, ಹತ್ತಿಸಿಕೊಳ್ಳಪ್ಪಾ ಎಂದು ಕೈಮುಗಿದರು.

ಹುಲುಗಪ್ಪ ಇಳಿದು ಬಂದು, ಅವರ ರಟ್ಟೆ ಹಿಡಿದು ಒಳಗೆ ಕೂಡಿಸಿದ. ನೀರಜಾಳಿಂದ ವಿಷಯ ಕೇಳಿ, ಪ್ರಭಂಜನ ಬರುವ ತನಕ ಕಾಯಲೆಂದು ತಾನೂ ಬಾಗಿಲಿಗೆ ಅಡ್ಡ ಕೂತ.