ಸ್ಮಾರ್ಟ್ ಬೋರ್ಡೂ ಒಂಟಿ ಮಿಸ್ಸೂ

ನಾನಿನ್ನೂ ಟೀಚರ್ ಆಗಿಲ್ಲ, ಬಿ.ಎಡ್. ಓದ್ತಿದ್ದೀನಿ. ಆದರೆ ಫೋನು, ಬೋರ್ಡು, ವೈರು ಎಲ್ಲ ಸೇರಿಕೊಂಡು ನನ್ನ ಮರ್ಯಾದೆ ತೆಗೆಯೋ ಕೆಲಸವನ್ನ ಈಗಲೇ ಶುರು ಮಾಡಿಕೊಂಡಿವೆ. ಪಾಠ ಮಾಡಿ ಕಲಿಯಲಿ ಅಂತ ಕಾಲೇಜಿನವರು ನಮ್ಮನ್ನ ಶಾಲೆಗಳಿಗೆ ಹಂಚಿದಾಗ ಗೆಳತಿಯರೆಲ್ಲ ಜೋಡಿ ಜೋಡಿಯಾಗಿ ಹಾಸನ, ಚನ್ನರಾಯಪಟ್ಟಣ ಅಂತ ಹೋದರು. ಹಳ್ಳಿಮೈಸೂರು ಕಡೆಯ ಹೈಸ್ಕೂಲಿಗೆ ನಾನೊಬ್ಬಳೇ. ಇರೋಕೆ ಹೊಳೆನರಸೀಪುರದಲ್ಲಿ ಮಹಡಿ ಮೇಲೊಂದು ರೂಮು. ಶಾಲೆ ಬಿಟ್ಟಮೇಲೆ ಮಾತಾಡೋಣ ಅಂದರೆ ಒಂದು ನರಪಿಳ್ಳೆ ಇಲ್ಲ.

ನೆಂಟರಿಗೆ ಕಾಫಿ

ಪಾಠದ ವಿಡಿಯೋ ಮಾಡಿ ಕಳಿಸಬೇಕಿತ್ತು. ಫೋನನ್ನ ಕಿಟಕಿಯಲ್ಲಿ ನಿಲ್ಲಿಸಿ, ಖಾಲಿ ರೂಮಿಗೆ "ಬನ್ನಿ, ಬನ್ನಿ, ಎಲ್ಲರೂ ಕೂತ್ಕೊಳ್ಳಿ" ಅಂತ ಶುರು ಮಾಡಿದೆ. ಪಾಠ ಅರ್ಧ ಆಗಿರಬೇಕು, ಕೆಳಗಿನ ಮನೆ ಓನರ್ ಆಂಟಿ ತಟ್ಟೆ ತುಂಬ ಕಾಫಿ ಲೋಟ ಹಿಡಿದುಕೊಂಡು ಬಂದರು.

"ಎಲ್ಲವ್ವಾ ನೆಂಟ್ರು?"

"ಯಾರೂ ಬಂದಿಲ್ಲ ಆಂಟಿ. ಫೋನಿಗೆ ಪಾಠ ಮಾಡ್ತಿದ್ದೆ."

ಆಂಟಿ ನನ್ನ ನೋಡಿದರು, ಫೋನ್ ನೋಡಿದರು. ಒಂದು ಲೋಟ ನನ್ನ ಕೈಗಿಟ್ಟು, "ಅದುಕ್ಕೂ ಒಂದ್ ಲೋಟ ಮಡುಗ್ಲಾ?" ಅಂದರು.

ಅವತ್ತು ಆಂಟಿ ಅಲ್ಲೇ ಕೂತು ನನ್ನ ಜೊತೆ ಕಾಫಿ ಕುಡಿದರೆ ಸಾಕಿತ್ತು. ಒಲೆ ಮೇಲೆ ಹಾಲಿದೆ ಅಂತ ಇಳಿದು ಹೋದರು.

ನಿಂತ ಹೃದಯ

ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇತ್ತು. ಅದರ ಮೇಲೆ ದೊಡ್ಡದೊಂದು ಹೃದಯ ಡಬ್ ಡಬ್ ಅಂತ ಬಡೀತಿತ್ತು. ಕರೆಂಟ್ ಹೋಯಿತು. ಹೃದಯ ನಿಂತಿತು. ಅಷ್ಟೂ ಪಾಠ ಅದರೊಳಗೇ ಇದ್ದದ್ದರಿಂದ ನಾನೂ ಬಾಯಿ ತೆರೆದುಕೊಂಡು ನಿಂತೆ.

ಮುಂದಿನ ಬೆಂಚಿನ ಹುಡುಗಿ ಪಾಪ ಅನ್ನೋ ಹಾಗೆ ಕೇಳಿದಳು: "ಕರೆಂಟಿಲ್ದಿದ್ರೆ ನೀವೂ ಓಡಲ್ವಾ ಮಿಸ್?"

ಬೋರ್ಡ್ ತುಂಬ ಅವ್ವ

ನನ್ನ ಪಾಠ ನೋಡಿ ಅಂಕ ಕೊಡೋಕೆ ಕಾಲೇಜಿನಿಂದ ಮೇಷ್ಟ್ರು ಬಂದು ಹಿಂದಿನ ಬೆಂಚಲ್ಲಿ ಕೂತಿದ್ದರು. ನಕ್ಕಿದ್ದನ್ನ ಯಾರೂ ನೋಡಿರದ ಮನುಷ್ಯ. ಮಕ್ಕಳ ಊಟ ಆಗಿತ್ತು. ಫೋನನ್ನ ಬೋರ್ಡಿಗೆ ಜೋಡಿಸಿ ಚಿತ್ರ ತೋರಿಸ್ತಿದ್ದೆ. ಅರಕಲಗೂಡಿಂದ ಅವ್ವನ ವಿಡಿಯೋ ಕಾಲ್ ಬಂತು. ಕಟ್ ಮಾಡೋಕೆ ಹೋದವಳು ಗಾಬರಿಯಲ್ಲಿ ಹಸಿರು ಗುಂಡಿ ಒತ್ತಿಬಿಟ್ಟೆ. ಬೋರ್ಡ್ ತುಂಬ ಅವ್ವನ ಮುಖ.

"ಉಂಡ್ಯಾ ಮಗಾ?"

ಇಡೀ ಕ್ಲಾಸು ಒಟ್ಟಿಗೇ ಕೂಗಿತು: "ಉಂಡೋ ಅವ್ವಾ!"

ಅವ್ವ ಕಣ್ಣರಳಿಸಿದಳು. "ಇದೇನೇ, ಒಬ್ಳೇ ಇದೀನಿ ಅಂತ ನೆನ್ನೆ ಆಪಾಟಿ ಅತ್ತಲ್ಲಾ? ಇಷ್ಟೊಂದ್ ಜನ ಮಡಿಕ್ಕಂಡು ಏನೇ ನಿನ್ ಗೋಳು!"

ನನಗೆ ತಲೆ ಎತ್ತೋಕೆ ಆಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮೇಷ್ಟ್ರ ದನಿ:

"ಅಮ್ಮಾ, ನಾನೊಬ್ಬ ಉಂಡಿಲ್ಲ. ನಿಮ್ಮ ಮಗಳ ಪಾಠ ಮುಗಿಯೋದನ್ನೇ ಕಾಯ್ತಿದೀನಿ."

"ಅಯ್ಯೋ ಸಾ!" ಅವ್ವ ನನ್ನ ಕಡೆ ತಿರುಗಿದಳು. "ಮೊದ್ಲು ಅವ್ರನ್ನ ಊಟಕ್ಕೆ ಬುಡೇ! ವಯಸ್ಸಾದೋರು, ಪಾಠ ನಾಳೀಕೆ ಕಲ್ತ್ಕತಾರೆ!"