ಕೌದಿ ಇನ್ನೂ ಉಂಡಿಲ್ಲ

ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿ ಇದ್ದ ಮನೆಯಲ್ಲಿ ಚಳಿ ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ನಮ್ಮ ಕೌದಿ ಬೇರೆ ತರದ್ದು. ಅದು ಹೋದಲ್ಲಿ ಜಗಳ ಬರುತ್ತದೆ, ಜಗಳದ ಬೆನ್ನಿಗೆ ನಗೆಯೂ ಬರುತ್ತದೆ. ಆ ಜಗಳ ನಾವು ಕರೆದು ತಂದದ್ದಲ್ಲ. ನಗುವವರು ನಗಲಿ, ಆದರೆ ಯಾವುದರ ಮೇಲೆ ಕೂತು ನಗುತ್ತಿದ್ದೇವೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಅಣ್ಣ ಬೈಲಹೊಂಗಲದ ಕರೆಂಟ್ ಆಫೀಸಿನ ಪರವಾಗಿ ಗುತ್ತಿಗೆಯ ಮೇಲೆ ಕಂಬ ಹತ್ತುತ್ತಿದ್ದ. ಸಂಗೊಳ್ಳಿ ರಸ್ತೆಯಲ್ಲಿ ಕಂಬದ ಮೇಲೆ ತಂತಿ ಕಟ್ಟುವಾಗ ಯಾರೋ ಲೈನ್ ಚಾಲೂ ಮಾಡಿದರು. ಅವನು ಇಳಿಯಲಿಲ್ಲ, ಇಳಿಸಿದರು. ಆಫೀಸಿನ ಸಾಹೇಬರು, "ಅಂವ ನಮ್ಮ ಮನಷ್ಯಾ ಅಲ್ಲ, ಗುತ್ತಿಗೆದಾರನ್ನ ಕೇಳ್ರಿ" ಅಂದರು. ಗುತ್ತಿಗೆದಾರ, "ನಾ ಏನ್ ಏರು ಅಂದಿದ್ದಿಲ್ಲ, ತಾನ ಏರ್ಯಾನ" ಅಂದ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಕಾಯ್ದೆ ಕಲಿತದ್ದು ಕಚೇರಿಗಳ ಹೊರಗಿನ ಕಟ್ಟೆಯ ಮೇಲೆ ಕೂತು, ಒಳಗಿನವರ ಜೋಡಿ ಜಗಳಾಡಿ. ಅಣ್ಣ ಅವರ ಮನುಷ್ಯ ಅಂತ ಅವರ ಬಾಯಿಂದಲೇ ಅನ್ನಿಸಬೇಕು. ನನಗೂ, ಅವನ ಹೆಂಡತಿಯಾದ ನನ್ನ ವೈನಿಗೂ ಬೇಕಾದದ್ದು ಅದೊಂದೇ. ಅದಕ್ಕೆ ನಾನು ಧರಣಿ ಕೂತೆ. ವೈನಿ ಕತ್ತರಿ ಹಿಡಿದು ಕೂತಳು.

ಕಾಲು ತೊಯ್ತಾವ

ಅಣ್ಣನ ದಿವಸದ ಕಾರ್ಯ ಮುಗಿದ ಮೇಲೆ ದೊಡ್ಡಪ್ಪ ಚೀಲ ಹಿಡಿದು ಬಂದ. ನಮ್ಮಲ್ಲಿ ಸತ್ತವರ ಅರಿವಿ ಬಟ್ಟೆ ಮನೆಯಲ್ಲಿ ಇಡುವುದಿಲ್ಲ, ಹೊಳೆಗೆ ಬಿಡುತ್ತಾರೆ. ಬಂದು ನೋಡಿದರೆ ವೈನಿ ಅಣ್ಣನ ಖಾಕಿ ಅಂಗಿ, ಲುಂಗಿ, ಮದುವೆಯ ರುಮಾಲು ಎಲ್ಲ ಕತ್ತರಿಸಿ ಪಡಸಾಲೆಯ ತುಂಬ ಹರಡಿದ್ದಳು.

"ಅವನ ಅಂಗಿ ತಾರವಾ ಇಲ್ಲೆ."

"ಅಂಗಿ ಇಲ್ರೀ ಮಾವಾರ."

"ಮತ್ತ ಇದೇನು?"

"ಇದು ಆಕಾಶ. ಅದು ಕಂಬ. ನೀವು ನಿಂತೀರಲ್ಲ, ಅದು ನವಿಲುತೀರ್ಥದ ನೀರು. ಒಂಚೂರು ಆಚೆ ಸರೀರಿ, ಕಾಲು ತೊಯ್ತಾವ."

ದೊಡ್ಡಪ್ಪ ಖರೇನೇ ಹಿಂದೆ ಸರಿದ. ಹೋಗುವಾಗ ಬಾಗಿಲಲ್ಲಿ ಕಾಲು ಝಾಡಿಸಿಕೊಂಡು ಹೋದ.

ತಲೆ ಇಲ್ಲದವರು

ನಮ್ಮ ಅವ್ವಂದಿರು ಚೌಕ ಚೌಕ ಕತ್ತರಿಸಿ ಸಾಲಾಗಿ ಹೊಲಿಯುತ್ತಿದ್ದರು. ವೈನಿಯದು ಸಾಲಿಗೆ ನಿಲ್ಲುವ ಕೈ ಅಲ್ಲ. ಹರಿದ ಛತ್ರಿಯಲ್ಲಿ ಕಾಗೆ ಮಾಡಿದಳು. ಇಳಕಲ್ ಸೀರೆಯ ಸೆರಗಿನಲ್ಲಿ ಬಿಸಿಲು ಮಾಡಿದಳು. ಒಂದು ಆಡಿಗೆ ಕಾಲು ಹೆಚ್ಚಾದವಲ್ಲ ಅಂದರೆ, "ಅದು ಓಡಾಕ ಹತ್ತೈತಿ, ನಿಂತ ಮ್ಯಾಲೆ ಎಣಿಸು" ಅಂದಳು. ಹೊಲಿಯುತ್ತ ಹೊಲಿಯುತ್ತ ತಾನೇ ನಗುತ್ತಿದ್ದಳು. ಅಣ್ಣ ಹೋದ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗೆ ಅದು.

ನಡುವೆ ಕಂಬ, ಕಂಬದ ಮೇಲೆ ಅಣ್ಣ. ಅವನ ಎದೆಗೆ ಖಾಕಿ ಅಂಗಿಯ ಜೇಬನ್ನು ಇಲಾಖೆಯ ಗುರುತಿನ ಸಮೇತ ಹಾಗೇ ಹಚ್ಚಿದ್ದಳು. ಕಂಬದ ಕೆಳಗೆ ಆಫೀಸಿನವರು ಸಾಲಾಗಿ ನಿಂತಿದ್ದರು. ಯಾರಿಗೂ ತಲೆ ಇರಲಿಲ್ಲ.

ಮಗ್ಗುಲ ಮನೆಯ ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ತಲಿ ಇಟ್ಟಿಲ್ಲಲ್ಲವಾ ತಂಗಿ. ಏನೋ ದೊಡ್ಡ ಅರ್ಥ ಇರಬೇಕು ಇದರಾಗ."

"ಅರ್ಥ ಗಿರ್ಥ ಏನಿಲ್ರೀ ಮಾಸ್ತರ. ಇವರ ಹೊಟ್ಟಿಗೇ ಅರಿವಿ ಎಲ್ಲಾ ಖರ್ಚಾತು."

ಮೂಲೆ

ಕಿತ್ತೂರಿನಲ್ಲಿ ಹೊಸ ನಮೂನೆಯ ಕೌದಿ ಕಲೆಯ ಶಿಬಿರ ನಡೆಯಿತು, ನಾನೂ ವೈನಿಯೂ ಕೌದಿ ಹೊತ್ತು ಹೋದೆವು. ಪ್ಯಾಟಿಯಿಂದ ಒಬ್ಬ ಮೇಡಂ ಬಂದಿದ್ದರು. ಒಳ್ಳೆಯ ಹೆಣ್ಣುಮಗಳು, ಆದರೆ ಪ್ರತಿ ಹೊಲಿಗೆಯಲ್ಲೂ ನೋವು ಹುಡುಕುವ ಚಟ. ನಮ್ಮ ಕೌದಿಯ ಒಂದು ಮೂಲೆ ಹೊಲಿಯದೆ ಬಿಟ್ಟದ್ದು ಅವರ ಕಣ್ಣಿಗೆ ಬಿತ್ತು. ಆ ಮೂಲೆಯೊಳಗೆ ಬೆರಳು ಹಾಕಿ ಕಣ್ಣು ಮುಚ್ಚಿದರು.

"ಈ ಬಾಯಿ ತೆರೆದ ಮೂಲೆ, ಮುಗಿಯದ ಬದುಕಿನ ಸಂಕೇತ. ಅಲ್ಲವೇ?"

"ಅಲ್ರೀ ಮೇಡಂ. ಅದಿನ್ನೂ ಉಂಡಿಲ್ಲ," ಅಂದಳು ವೈನಿ.

ಮೇಡಂ ಬೆರಳು ಹಿಂದೆ ತೆಗೆದರು. ಆಮೇಲೆ ನಾನು ತಿಳಿಸಿ ಹೇಳಿದೆ. ನಮ್ಮ ಕಡೆ ಕೌದಿ ಮುಗಿಸುವಾಗ ಕಡೆಯ ಮೂಲೆಯೊಳಗೆ ಹೋಳಿಗೆಯ ಚೂರು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದುಕೊಂಡು ಇರಬಾರದು. ವೈನಿ ಮಾತ್ರ ಹಟ ಹಿಡಿದಿದ್ದಳು. ಆಫೀಸಿನವರು ಅಣ್ಣನನ್ನು ತಮ್ಮವನು ಅನ್ನುವ ತನಕ ಹೋಳಿಗೆ ಇಲ್ಲ, ಹೊಲಿಗೆಯೂ ಇಲ್ಲ.

ಮೇಡಂ ಎಲ್ಲ ಕೇಳಿ, ತಮ್ಮ ಚೀಲದಿಂದ ಬಿಸ್ಕೀಟು ತೆಗೆದು, "ಅಲ್ಲಿವರೆಗೆ ಇದಾದರೂ ಇಡಬಹುದಾ?" ಅಂದರು.

ರಾಮದುರ್ಗದ ಗಿರಾಕಿ

ಶಿಬಿರದ ಫೋಟೋ ಯಾರದೋ ಫೋನಿನಿಂದ ಯಾರದೋ ಫೋನಿಗೆ ಹೋಗಿ, ರಾಮದುರ್ಗದ ಬಟ್ಟೆ ಅಂಗಡಿಯ ಸಾವಕಾರರು ಗಾಡಿ ಮಾಡಿಕೊಂಡು ಬಂದರು. ಅವರ ಮಗಳ ಮದುವೆ. ಇಂಥದೇ ಕೌದಿ ಬೇಕು, ಹೊಸ ಬಟ್ಟೆ ತಾವೇ ತಂದಿದ್ದರು.

"ಕಾಗಿ ಇರಲಿ, ಆಡು ಇರಲಿ. ಕಂಬಾನೂ ಇರಲಿ, ಛಂದ ಐತಿ. ಆ ಮ್ಯಾಲಿನ ಮನಷ್ಯಾ ಒಬ್ಬನ್ನ ತಗದುಬಿಡ್ರಿ. ಮದವಿ ಮನಿ ನೋಡ್ರಿ, ಅಪಶಕುನ."

ನನಗೆ ಸಿಟ್ಟು ನೆತ್ತಿಗೆ ಏರಿತು. ಬಾಯಿ ತೆಗೆಯುವಷ್ಟರಲ್ಲಿ ವೈನಿ ಸೂಜಿಯಿಂದ ಕಣ್ಣೆತ್ತದೇ ಅಂದಳು:

"ಆಫೀಸಿನವರು ಆಗಲೇ ತಗದಾರ್ರಿ. ಇಂವ ನಾ ಮತ್ತ ತಿರುಗಿ ಹಚ್ಚಿದಂವ."

ಸಾವಕಾರರು ಚಹಾ ಕುಡಿಯದೇ ಹೋದರು. ಹೊಸ ಬಟ್ಟೆ ಮಾತ್ರ ಮರೆತು ಹೋದರು. ಅದರಲ್ಲಿ ವೈನಿ ಇನ್ನೊಂದು ಆಡು ಮಾಡಿದಳು.

ಛಲೋ, ಛಲೋ

ಕಡೆಗೆ ನಮ್ಮ ಊರಲ್ಲೇ, ಬೈಲಹೊಂಗಲದಲ್ಲಿ, ಕೌದಿಗಳ ಪ್ರದರ್ಶನ ಆಯಿತು. ದೀಪ ಹಚ್ಚಲು ಅದೇ ಕರೆಂಟ್ ಆಫೀಸಿನ ಸಾಹೇಬರು ಬಂದರು. ನಡೆಸುವವರಿಗೆ ನಮ್ಮ ಜಗಳ ಗೊತ್ತಿರಲಿಲ್ಲ. ಕಾರ್ಯಕ್ರಮದ ನಡುವೆ ಕರೆಂಟ್ ಹೋಗಬಾರದು ಅಂತ ಅವರನ್ನು ಕರೆದಿದ್ದರು.

ನಾನು ಕೂಗಾಡುತ್ತೇನೆ ಅಂತ ವೈನಿ ನನ್ನ ಬಾಯಿಗೆ ಎಲೆ ಅಡಿಕೆ ತುಂಬಿ ಮಂದಿಯ ಹಿಂದೆ ನಿಲ್ಲಿಸಿದ್ದಳು. ಸಾಹೇಬರು ಕೈ ಹಿಂದೆ ಕಟ್ಟಿಕೊಂಡು, ಒಂದೊಂದು ಕೌದಿಗೆ "ಛಲೋ, ಛಲೋ" ಅನ್ನುತ್ತ ಬಂದರು. ನಮ್ಮದರ ಮುಂದೆ ನಿಂತರು. ಕಂಬ ನೋಡಲಿಲ್ಲ, ಕಂಬದ ಮೇಲಿನವನನ್ನೂ ನೋಡಲಿಲ್ಲ. ಜೇಬು ನೋಡಿದರು.

"ಈ ಅಂಗಿ ಎಲ್ಲಿ ಸಿಕ್ತು ನಿಮಗ?"

"ಮನ್ಯಾಗ ಇತ್ರಿ."

"ಮನ್ಯಾಗ ಹೆಂಗ ಬರತೈತಿ? ಇದು ನಮ್ಮ ಇಲಾಖೆ ಅಂಗಿ. ನಮ್ಮ ಕೆಲಸದ ಮಂದಿಗೆ ಬಿಟ್ಟು ಹೊರಗಿನವರಿಗೆ ಒಂದು ಗುಂಡಿನೂ ಕೊಡೂದಿಲ್ಲ ನಾವು. ಸರಕಾರದ ಅಂಗಿ ಕತ್ತರಿಸಿ ಹಾಸಗಿ ಮಾಡೀರಲ್ಲ."

ಮಂದಿ ವಿಡಿಯೋ ಹಿಡಿಯಲು ಫೋನ್ ಎತ್ತಿಯೇ ನಿಂತಿದ್ದರು. ವೈನಿ ಕೈ ಮುಗಿದಳು.

"ಹಿಂದಿನವರಿಗೆ ಕೇಳಲಿಲ್ಲ ಸಾಹೇಬ್ರ, ಇನ್ನೊಮ್ಮೆ ಅನ್ರಿ."

ಸಾಹೇಬರು ಹಿಂದಿನವರಿಗೂ ಕೇಳುವಂತೆ ಇನ್ನೊಮ್ಮೆ ಅಂದರು.

"ಅಂಗಿ ನಿಮ್ಮದು, ಒಪ್ಪಿದೆ," ಅಂದಳು ವೈನಿ. "ಒಯ್ಯಬೇಕಂದ್ರ ಒಯ್ರಿ. ಆದ್ರ ಅಂಗಿ ಒಳಗ ಇದ್ದಾಂವನ್ನೂ ನಿಮ್ಮಾಂವ ಅಂತ ಬರಕೋರಿ. ನನ್ನ ಗಂಡ ಅಂವ."

ನಾನು ಎಲೆ ಅಡಿಕೆ ಉಗಿದು ಮುಂದೆ ಬಂದೆ. ನನ್ನ ಮುಖ ಕಂಡ ಮೇಲೆ ಸಾಹೇಬರಿಗೆ ತಾವು ಏನು ಅಂದೆವು ಅನ್ನುವುದು ತಿಳಿಯಿತು. "ಛಲೋ, ಛಲೋ" ಅನ್ನುತ್ತ ಬಾಗಿಲ ಕಡೆ ನಡೆದರು.

ಈಗ ಕೇಸು ನಡೆದಿದೆ. ಫೋನಿನಲ್ಲಿ ಹಿಡಿದ ಮಾತು ನ್ಯಾಯಾಧೀಶರ ಮುಂದೆ ಇದೆ. ಸಾಹೇಬರು ಮಾತಾಡಿದ್ದು ಕಲೆಯ ಬಗ್ಗೆ, ಮನುಷ್ಯನ ಬಗ್ಗೆ ಅಲ್ಲ ಅಂತ ಆಫೀಸಿನ ವಕೀಲರು ವಾದಿಸುತ್ತಿದ್ದಾರೆ. ಕೌದಿಯ ಮೂಲೆ ಇನ್ನೂ ತೆರೆದೇ ಇದೆ. ಹಬ್ಬಕ್ಕೆ ಹೋಳಿಗೆ ಮಾಡಿದಾಗೊಮ್ಮೆ ನಾನು ವೈನಿಯ ಮುಖ ನೋಡುತ್ತೇನೆ. "ತಡಿ" ಅನ್ನುತ್ತಾಳೆ.

ಆದರೆ ಮೊನ್ನೆ ಕೌದಿ ಬಿಸಿಲಿಗೆ ಹಾಕುವಾಗ ನೋಡಿದೆ. ಕಂಬದ ಕೆಳಗಿನವರಲ್ಲಿ ಒಬ್ಬನಿಗೆ ಹೊಸದಾಗಿ ತಲೆ ಬಂದಿದೆ. ಕಣ್ಣಿಲ್ಲ, ಕಿವಿಯಿಲ್ಲ, ತಲೆಯ ತುಂಬ ತೆರೆದ ಬಾಯಿ.

"ಬಾಕಿ ಮಂದಿಗೆ ತಲಿ ಯಾವಾಗ ವೈನಿ?" ಅಂದೆ.

"ಒಬ್ಬೊಬ್ಬರ ಬಾಯಿ ಬಿಟ್ಟಂಗ ಹಚ್ಚತೇನಿ," ಅಂದಳು. "ಅಲ್ಲಿತನಕ ಬರೇ ಹೊಟ್ಟಿ ಇರಲಿ."