ಸವಳಂಗದ ಕೊನೇ ಬಸ್ಸಿಗಾಗಿ ಕತ್ತರಿಸಿದ ಹಾಡು

ನ್ಯಾಮತಿ ಟೂರಿಂಗ್ ಟಾಕೀಸಿನ ಆಪರೇಟರ್ ಶ್ರೀಮಾನ್ ಹಾಲೇಶಪ್ಪನವರ ಸನ್ನಿಧಿಗೆ,

ಮಾನ್ಯರೇ,

ತಮ್ಮಂಥ ಕಲಾಪೋಷಕರು ಈ ಸೀಮೆಯಲ್ಲಿ ಮತ್ತೊಬ್ಬರಿಲ್ಲ. ತಮ್ಮ ಪ್ರೊಜೆಕ್ಟರೂ ಅದಕ್ಕಿಂತ ಹೆಚ್ಚಾಗಿ ತಮ್ಮ ಕತ್ತರಿಯೂ ಕ್ಷೇಮವೆಂದು ನಂಬಿದ್ದೇನೆ. ನಾನು ಸವಳಂಗದ ಅಂಜಿನಮ್ಮನ ಮಗ ಮುರುಗೇಶಪ್ಪ, ಸಿನಿಮಾ ಸಂಗೀತ ನಿರ್ದೇಶಕ. ತಮ್ಮ ದಯದಿಂದ ನನ್ನ ಸಂಗೀತವನ್ನು ನಮ್ಮ ಕಡೆಯವರು ಯಾರೂ ಕೇಳಿಲ್ಲವಾದ್ದರಿಂದ ಪರಿಚಯ ಹೇಳಿಕೊಳ್ಳಬೇಕಾಗಿದೆ.

ಹೊನ್ನಾಳಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಹಾರ್ಮೋನಿಯಂ ಒತ್ತಿ, ಮದರಾಸಿನಲ್ಲಿ ವರ್ಷಗಟ್ಟಲೆ ಬೇರೆಯವರ ಹಾಡಿಗೆ ವಾದ್ಯ ನುಡಿಸಿ, ಕೊನೆಗೂ ನನ್ನ ಹೆಸರಿಗೊಂದು ಚಿತ್ರ ಗಿಟ್ಟಿಸಿಕೊಂಡೆ. ಅದರಲ್ಲಿ ನಾಯಕ ಬಾವಿಕಟ್ಟೆಯ ಮೇಲೆ ಕೂತು ಹಾಡುವ ಹಾಡಿನ ಧಾಟಿ, ನನ್ನ ಅವ್ವ ರಾಗಿ ಬೀಸುವಾಗ ಹಾಡುತ್ತಿದ್ದದ್ದು. 'ಪೆಟ್ಟಿಗೆ ಬಾರಿಸಿದ್ರೆ ಹೊಟ್ಟೆ ತುಂಬತೈತೇನೋ?' ಎಂದು ಹಿಂದೆ ನನ್ನನ್ನು ಬೈದವಳೂ ಅವಳೇ. ಹಾಗಾಗಿ ಮೊದಲೇ ಹೇಳದೆ, ತನ್ನ ಹಾಡನ್ನು ಅವಳು ಪರದೆಯ ಮುಂದೆ ಕೂತೇ ಕೇಳಲಿ ಎಂದು ಆಸೆಪಟ್ಟಿದ್ದೆ.

ಅವ್ವ ನೆರೆಮನೆಯ ಗಿಡ್ಡಮ್ಮನನ್ನು ಕಟ್ಟಿಕೊಂಡು ತಮ್ಮ ಟೆಂಟಿಗೆ ಬಂದಳು. ಅಂದು ಕರೆಂಟು ಹೋಗಿ ಆಟ ತಡವಾಗಿತ್ತಂತೆ. ಹಾಡಿನ ಮೊದಲ ಸಾಲು ಮುಗಿದದ್ದೇ ತಡ, ಕತ್ತಲಲ್ಲಿ ಯಾರೋ ಪುಣ್ಯಾತ್ಮರು 'ಹಾಲೇಶಣ್ಣಾ, ಹಾಡು ಹಾರಿಸ್ರೀ, ಬಸ್ ಹೋಗತೈತೆ!' ಎಂದು ಕೂಗಿದರಂತೆ. ಪ್ರೇಕ್ಷಕರ ಕಷ್ಟಕ್ಕೆ ಕರಗುವ ತಾವು ಪ್ರೊಜೆಕ್ಟರ್ ನಿಲ್ಲಿಸಿ, ಉಳಿದ ಹಾಡನ್ನೆಲ್ಲ ರೀಲಿನಿಂದ ಕತ್ತರಿಸಿ, ಎರಡು ತುದಿಗಳನ್ನೂ ಅಂಟಿಸಿದಿರಿ. ಬಾವಿಕಟ್ಟೆಯ ಮೇಲೆ ಬಾಯಿ ತೆರೆದ ನಾಯಕ, ಅದನ್ನು ಮುಚ್ಚುವಷ್ಟರಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದ. ಅದೇ ರೀಲು ಮುಂದೆ ಚನ್ನಗಿರಿಗೂ ಜಗಳೂರಿಗೂ ಹೋಗಿ, ಹಾಡಿದ್ದಕ್ಕೇ ಅವನಿಗೆ ಏಟು ಬಿದ್ದಿದೆಯೆಂದು ಅಲ್ಲಿನ ಜನ ತಿಳಿದುಕೊಂಡರಂತೆ. ಅಬ್ಬಾ, ಇಂಥ ವಿಮರ್ಶೆ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ!

ಈಗ ಟೀವಿ ಧಾರಾವಾಹಿಗೂ ಸಂಗೀತ ಕೊಡುತ್ತಿದ್ದೇನೆ. ನನ್ನ ಶೀರ್ಷಿಕೆ ಸಂಗೀತ ಶುರುವಾದೊಡನೆ ಹೊನ್ನಾಳಿಯವರು ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿ, ಅದು ಮುಗಿದ ಮೇಲೇ ಇಳಿಯುತ್ತಾರಂತೆ. ಅವರಿಗೂ ತಾವೇ ತರಬೇತಿ ಕೊಟ್ಟಿರಬೇಕು.

ಆದಕಾರಣ ಮುಂದಿನ ಚಿತ್ರದ ಪಲ್ಲವಿಯನ್ನು ಟಿಕೆಟ್ ಹರಿಯುವಾಗ, ಚರಣವನ್ನು ಜನ ಬಸ್ಸು ಹತ್ತುವಾಗ ಕೇಳಿಸುವ ಏರ್ಪಾಡು ಮಾಡಬೇಕೆಂದೂ, ಅದಾಗದಿದ್ದರೆ ಟೆಂಟಿಗೇ ಚಕ್ರ ಕಟ್ಟಿಸಿ ಸವಳಂಗದವರೆಗೆ ಓಡಿಸಬೇಕೆಂದೂ ಬೇಡುತ್ತೇನೆ. ತಮಾಷೆ ಹಾಗಿರಲಿ ಹಾಲೇಶಪ್ಪನವರೇ, ಅವ್ವ ತನ್ನ ಹಾಡನ್ನು ಪೂರ್ತಿ ಕೇಳಲಿಲ್ಲವೆಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತಮ್ಮ ಕತ್ತರಿಗೆ ತಲೆಬಾಗಿದ ವಿಶ್ವಾಸಿ,
ಮುರುಗೇಶಪ್ಪ
ಬೆಂಗಳೂರು, 1986

ತಾ.ಕ.: ಈ ಬಹಿರಂಗ ಪತ್ರವನ್ನು ಅಚ್ಚು ಹಾಕಿಸಲೆಂದು ಪತ್ರಿಕೆಗೆ ಕಳಿಸುವ ಮೊದಲೇ ಅವ್ವ ಇಲ್ಲಿಗೆ ಬಂದಳು. ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕಳು. 'ಹಾಲೇಶಣ್ಣಂಗೆ ಯಾಕೆ ಬೈತೀಯೋ? ಕೂಗಿದ್ದು ನಾನೇ! ಮೊದಲ್ನೇ ಸಾಲಿಗೇ ನಂದು ಅಂತ ಗೊತ್ತಾತು, ಉಳಿದಿದ್ದು ನಂಗೆ ಬರತೈತಲ್ಲ. ಬಸ್ನಾಗೆ ಪೂರ್ತಿ ಹಾಡಿದೆ ಕಣೋ, ಡ್ರೈವರ್ ಓಬಣ್ಣ ಬಸ್ ನಿಲ್ಲಿಸ್ಕೊಂಡು ಕೇಳಿದ' ಎಂದಳು. ಆದ್ದರಿಂದ ಮಾನ್ಯರೇ, ಈ ಪತ್ರದಲ್ಲೂ ಮೊದಲ ಸಾಲೊಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿಬಿಡಿ. ಹೇಗೂ ತಮಗೆ ಕೈ ಪಳಗಿದೆ.